ಬಿರುಕಿಗಿಂತ ಮೊದಲು ಛಾವಣಿಯ ಆ ಕಲೆಯನ್ನು ನೋಡಿ

ಪ್ರಶ್ನೆ: ಹೊಸ ಮನೆಗೆ ಬಂದು ಎಂಟು ತಿಂಗಳಾಯಿತು. ಎರಡು ಅಂತಸ್ತು, ಪಿಲ್ಲರ್, ಬೀಮ್ ಎತ್ತಿ ನಡುವೆ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿದ್ದಾರೆ. ಮೂರನೇ ತಿಂಗಳಿಗೇ ಹಾಲ್‌ನಲ್ಲಿ ಬೀಮ್ ಕೆಳಗೆ ಗೋಡೆಯುದ್ದಕ್ಕೂ ಅಡ್ಡ ಬಿರುಕು ಬಂತು. ಈಗ ಮಲಗುವ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಇನ್ನೊಂದು ಹೊರಟಿದೆ. ಮೇಲಿನ ಬಾತ್‌ರೂಮಿಗೆ ಸರಿಯಾಗಿ ಕೆಳಗೆ, ಅಡುಗೆಮನೆಯ ಛಾವಣಿಯಲ್ಲಿ ಅಂಗೈಯಗಲದ ಕಲೆ. ಎರಡು ಸಲ ಬಣ್ಣ ಹೊಡೆಸಿದರೂ ಮತ್ತೆ ಮೂಡಿದೆ. ಹಾಲ್‌ನ ಏಳೆಂಟು ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು. ಬಿಲ್ಡರ್ ‘ಹೊಸ ಮನೆ ಕೂರುತ್ತದೆ, ಇದೆಲ್ಲ ಮಾಮೂಲು. ಬಿರುಕಿಗೆ ಪುಟ್ಟಿ ಹಾಕಿಸಿ, ಬಾತ್‌ರೂಮಿನ ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ ಕೊಡುತ್ತೇನೆ, ಬಾಕಿ ಹಣ ಚುಕ್ತಾ ಮಾಡಿ’ ಎನ್ನುತ್ತಾರೆ. ಪರಿಚಯದ ಮೇಸ್ತ್ರಿ ನೋಡಿ ‘ಬೀಮ್ ಸೋತಿದೆ’ ಎಂದು ಹೆದರಿಸಿ ಹೋದರು. ಮನೆಗೆ ಅಪಾಯವಿದೆಯೇ? ರಿಪೇರಿ ಇವರಿಂದಲೇ ಮಾಡಿಸುವುದೋ, ಬೇರೆಯವರನ್ನು ಕರೆಸುವುದೋ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವುದು ಬಿರುಕು. ನೀವು ಬರೆದ ನಾಲ್ಕು ದೂರುಗಳಲ್ಲಿ ಮೊದಲು ಕೈಹಾಕಬೇಕಾದದ್ದು ಮಾತ್ರ ಅಡುಗೆಮನೆ ಛಾವಣಿಯ ಅಂಗೈಯಗಲದ ಕಲೆಗೆ. ಹಾಲ್‌ನ ಅಡ್ಡ ಬಿರುಕು ಒಂದು ವರ್ಷ ಹಾಗೇ ಇದ್ದರೂ ಮನೆಗೆ ಏನೂ ಆಗದು. ಕಲೆಯ ಹಿಂದಿನ ನೀರು ಒಂದು ವರ್ಷ ಹರಿದರೆ ಸ್ಲ್ಯಾಬಿನ ಕಂಬಿಗೆ ತುಕ್ಕು ಹಿಡಿಯಬಹುದು.

ಬಿಲ್ಡರ್ ಹೇಳಿದ ‘ಮನೆ ಕೂರುತ್ತದೆ’ ಅರ್ಧ ಸತ್ಯ. ಎಲ್ಲ ಮನೆಯೂ ತುಸು ಕೂರುತ್ತದೆ. ಇಡೀ ಮನೆ ಒಂದೇ ಸಮನಾಗಿ ಕೂತರೆ ಬಿರುಕು ಬರುವುದಿಲ್ಲ. ಒಂದು ಮೂಲೆ ಹೆಚ್ಚು, ಇನ್ನೊಂದು ಕಡಿಮೆ ಕೂತಾಗಲೇ ಗೋಡೆ ಸೀಳುವುದು. ಹಾಗೆ ಸೀಳಿದ ಬಿರುಕು ಸಾಮಾನ್ಯವಾಗಿ ಓರೆಯಾಗಿ, ಬ್ಲಾಕುಗಳ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬೀಮ್ ಕೆಳಗೆ ದಾರ ಹಿಡಿದಂತೆ ನೇರವಾಗಿ ಓಡುವ ಗೆರೆಗೂ ನೆಲ ಕೂರುವುದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ.

ಮೇಸ್ತ್ರಿಯ ಮಾತನ್ನೂ ಒರೆಗೆ ಹಚ್ಚೋಣ. ಮೇಲಿನ ಬೀಮ್ ಸೋತು ಕೆಳಗೆ ಬಾಗಿದ್ದರೆ ಅದು ಗೋಡೆಯ ತಲೆಯ ಮೇಲೆ ಕೂರಬೇಕಿತ್ತು, ಸಂದು ಇನ್ನಷ್ಟು ಮುಚ್ಚಿಕೊಳ್ಳಬೇಕಿತ್ತು. ನಿಮ್ಮಲ್ಲಿ ಸಂದು ಬಾಯಿಬಿಟ್ಟಿದೆ. ಸಿಮೆಂಟ್ ಬ್ಲಾಕು, ಅದನ್ನು ಕೂಡಿಸಿದ ಗಾರೆ, ಎರಡೂ ಒಣಗುತ್ತ ಕುಗ್ಗುತ್ತವೆ. ಹತ್ತಡಿ ಎತ್ತರದ ಗೋಡೆ ಒಂದೆರಡು ಮಿಲಿಮೀಟರ್ ಗಿಡ್ಡವಾದರೂ ಆ ಅಂತರ ಎಲ್ಲೋ ಒಂದು ಕಡೆ ತೋರಲೇಬೇಕು. ತೋರುವುದು ಎಲ್ಲಕ್ಕಿಂತ ದುರ್ಬಲವಾದ ಕೊನೆಯ ಸಾಲಿನ ಮೇಲೆ. ಬ್ಲಾಕು ಸಾಕಷ್ಟು ಹಳೆಯದಾಗುವ ಮುನ್ನ ಕಟ್ಟಿದರೆ, ಗೋಡೆ ಎತ್ತಿದ ದಿನವೇ ಕೊನೆಯ ಸಾಲನ್ನೂ ಬೀಮಿಗೆ ಒತ್ತಿ ಮುಗಿಸಿದರೆ, ಕಾಂಕ್ರೀಟ್ ಮತ್ತು ಬ್ಲಾಕ್ ಸೇರುವಲ್ಲಿ ಪ್ಲಾಸ್ಟರಿನೊಳಗೆ ತಂತಿಯ ಬಲೆ (ಚಿಕನ್ ಮೆಶ್) ಕೊಡದೆ ಬಿಟ್ಟರೆ ಈ ಬಿರುಕು ಬಂದೇ ಬರುತ್ತದೆ. ಕೆಲಸಗಾರಿಕೆಯ ತಪ್ಪು ಇದು, ಸರಿಪಡಿಸುವ ಹೊಣೆಯೂ ಬಿಲ್ಡರದೇ. ಆದರೆ ಅಪಾಯದ ಲೆಕ್ಕಕ್ಕೆ ಬರುವುದಿಲ್ಲ.

ಬೀಮ್ ನಿಜಕ್ಕೂ ಸೋತಿದ್ದರೆ ಗುರುತು ಗೋಡೆಯಲ್ಲಿ ಅಲ್ಲ, ಬೀಮಿನ ಮೈಮೇಲೇ ಇರುತ್ತದೆ. ಟಾರ್ಚನ್ನು ಬೀಮಿಗೆ ಬಹುತೇಕ ಒರಗಿಸಿ, ಬೆಳಕು ಅಡ್ಡಲಾಗಿ ಬೀಳುವಂತೆ ಹಿಡಿದು ನೋಡಿ. ನಡುಭಾಗದ ಕೆಳಗೆ ಕೂದಲೆಳೆಯಂಥ ನೆಟ್ಟಗಿನ ಗೆರೆಗಳಿದ್ದರೆ, 0.3 ಮಿಲಿಮೀಟರ್ ಮೀರದಿದ್ದರೆ, ಅದು ವಿನ್ಯಾಸದಲ್ಲಿ ಲೆಕ್ಕಕ್ಕೆ ಹಿಡಿದದ್ದೇ. ಪಿಲ್ಲರ್ ಸೇರುವ ತುದಿಯಲ್ಲಿ 45 ಡಿಗ್ರಿ ಓರೆಯಾಗಿ ಹೊರಟ ಬಿರುಕು, ಕಂಬಿ ಹಾದುಹೋದ ದಾರಿಯಲ್ಲೇ ಉದ್ದಕ್ಕೆ ಬಿಟ್ಟ ಗೆರೆ, ಅದರ ಪಕ್ಕ ತುಕ್ಕಿನ ಕಂದು ಬಣ್ಣ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಕಿಟಕಿ ಮೂಲೆಯ ಓರೆ ಬಿರುಕು ಬೇರೆ ಜಾತಿಯದು. ಗೋಡೆಯಲ್ಲಿ ತೂತು ಬಿಟ್ಟಲ್ಲೆಲ್ಲ ಒತ್ತಡ ಮೂಲೆಗೆ ಬಂದು ಸೇರುತ್ತದೆ. ಮೇಲಿನ ಮೂಲೆಯಿಂದ ಹೊರಟಿದ್ದರೆ ಲಿಂಟಲ್ (ಕಿಟಕಿಯ ಮೇಲಿನ ಅಡ್ಡ ತೊಲೆ) ಎರಡೂ ಬದಿಯ ಗೋಡೆಯೊಳಗೆ ಸಾಕಷ್ಟು, ಅಂದರೆ ಕನಿಷ್ಠ 150 ಮಿಲಿಮೀಟರ್, ಕೂತಿಲ್ಲ ಎಂಬ ಅನುಮಾನ ಮೊದಲು. ಕೆಳಗಿನ ಮೂಲೆಯಿಂದ ಇಳಿದಿದ್ದರೆ ಕಿಟಕಿಯ ಕೆಳಗೆ ಸಿಲ್ ಬೀಮ್ ಕೊಟ್ಟಿಲ್ಲ, ಅಥವಾ ಅಡಿಪಾಯ ಆ ಭಾಗದಲ್ಲಿ ಅಲುಗಾಡಿದೆ. ಇವೆರಡನ್ನು ಬಿಡಿಸಿ ಹೇಳುವುದಕ್ಕೆ ಬಿರುಕು ಹೊರಗಡೆಯೂ ಇದೆಯೇ, ಅಗಲ ಉದ್ದಕ್ಕೂ ಒಂದೇ ಸಮ ಇದೆಯೇ, ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದೆಯೇ ಎಂಬುದು ಗೊತ್ತಾಗಬೇಕು.

ಅಳತೆಗೆ ದುಬಾರಿ ಉಪಕರಣ ಬೇಡ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಕಾರ್ಡು ಒಳಗೆ ಹೋಗದಿದ್ದರೆ ಬಿರುಕು ಅದಕ್ಕಿಂತ ಸಣ್ಣದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ಗೆರೆ ದಾಟಿ ಮುಂದೆ ಹೋದರೆ ತಕ್ಷಣ ಗೊತ್ತಾಗುತ್ತದೆ. ಅಗಲದ ಲೆಕ್ಕಕ್ಕೆ ಬಿರುಕಿನ ಆಚೆಗೊಂದು ಈಚೆಗೊಂದು ಸ್ಕ್ರೂ ಬಿಗಿದು, ಅವುಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ತಿಂಗಳಿಗೊಮ್ಮೆ, ದಿನದ ಅದೇ ಹೊತ್ತಿಗೆ ಅಳೆದು ಬರೆದಿಡಿ. ಬೆಳಿಗ್ಗೆಯ ಗೋಡೆಗೂ ಮಧ್ಯಾಹ್ನ ಕಾದ ಗೋಡೆಗೂ ವ್ಯತ್ಯಾಸವಿರುತ್ತದೆ. ಗಾಜಿನ ಪಟ್ಟಿ ಅಂಟಿಸುವ ಹಳೆಯ ಪದ್ಧತಿಯೂ ತಪ್ಪಲ್ಲ, ಆದರೆ ಗಾಜು ಒಡೆದರೆ ಗೋಡೆ ಅಲುಗಿತು ಎಂದು ತಿಳಿಯುತ್ತದೆಯೇ ಹೊರತು ಎಷ್ಟು ಎಂದು ತಿಳಿಯದು. ಅದನ್ನು ಬಣ್ಣದ ಮೇಲೆ ಅಂಟಿಸಿದರಂತೂ ವ್ಯರ್ಥ, ಬಣ್ಣವೇ ಕಿತ್ತು ಬರುತ್ತದೆ.

1 ಮಿಲಿಮೀಟರ್ ಒಳಗಿದ್ದು ಬೆಳೆಯದೆ ನಿಂತ ಬಿರುಕು ಕಣ್ಣಿಗೆ ಕಾಣುವ ಕೊರತೆ ಅಷ್ಟೆ. 1ರಿಂದ 5 ಮಿಲಿಮೀಟರ್ ನಡುವೆ ಇದ್ದರೆ, ಪಕ್ಕದ ಬಾಗಿಲು, ಕಿಟಕಿ ಸಿಕ್ಕಿಕೊಳ್ಳತೊಡಗಿದರೆ ಎಂಜಿನಿಯರ್ ನೋಡಲಿ. 5 ದಾಟಿದ್ದರೆ, ಅಥವಾ ಸಣ್ಣದಾದರೂ ಗೋಡೆಯ ಎರಡೂ ಮೈಯಲ್ಲಿ ಕಂಡು ಪ್ರತಿ ತಿಂಗಳೂ ಬೆಳೆಯುತ್ತಿದ್ದರೆ ಕಾಯುವಂತಿಲ್ಲ.

ಪುಟ್ಟಿಯ ವಿಷಯ. ಪುಟ್ಟಿ ಒಂದೆರಡು ಮಿಲಿಮೀಟರ್ ದಪ್ಪದ ಗಡಸು ಪದರ, ಗೋಡೆ ಅಲುಗಿದರೆ ಅದೂ ಬಿಡುತ್ತದೆ. ಕುಗ್ಗುವಿಕೆಯ ಹೆಚ್ಚಿನ ಪಾಲು ಮೊದಲ ವರ್ಷದಲ್ಲೇ ಮುಗಿಯುವುದರಿಂದ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಆಮೇಲೆ ಬಿರುಕಿನ ಎರಡೂ ಬದಿ 100ರಿಂದ 150 ಮಿಲಿಮೀಟರ್ ಪ್ಲಾಸ್ಟರ್ ಕಿತ್ತು, ಸಂದನ್ನು 10-12 ಮಿಲಿಮೀಟರ್ ಬಿಡಿಸಿ, ದೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿ, ಮೆಶ್ ಬಿಗಿದು ಪ್ಲಾಸ್ಟರ್ ಮಾಡಬೇಕು. 7 ದಿನ ನೀರುಣಿಸಬೇಕು. ಇನ್ನೊಂದು ದಾರಿ, ನನಗೆ ಹೆಚ್ಚು ಒಪ್ಪಿಗೆಯಾದದ್ದು: ಬೀಮ್ ಕೆಳಗೆ 10 ಮಿಲಿಮೀಟರ್ ಅಗಲದ ಅಚ್ಚುಕಟ್ಟಾದ ತೋಡು (ಗ್ರೂವ್) ತೆಗೆದು ಹಿಗ್ಗಿ ಕುಗ್ಗುವ, ಬಣ್ಣ ಹಿಡಿಯುವ ಸೀಲೆಂಟ್ ತುಂಬುವುದು. ಗೆರೆ ಕಾಣುತ್ತದೆ, ಅದಕ್ಕೇ ಬಿಲ್ಡರುಗಳಿಗೆ ಇಷ್ಟವಿಲ್ಲ. ಆದರೆ ನೇರವಾಗಿ ಬಿಟ್ಟ ಗೆರೆ ಸೊಟ್ಟ ಬಿರುಕಿಗಿಂತ ಎಷ್ಟೋ ಮೇಲು.

ಇನ್ನು ಕಲೆ.

ಬಣ್ಣ ಹೊಡೆಸುವುದನ್ನು ನಿಲ್ಲಿಸಿ. ಆ ಕಲೆಯೇ ನಿಮ್ಮ ಅಳತೆಗೋಲು. ಅಂಚಿನ ಸುತ್ತ ಪೆನ್ಸಿಲ್ ಎಳೆದು ತಾರೀಕು ಹಾಕಿ. ಹತ್ತಿರದಲ್ಲಿ ದೀಪದ ಪಾಯಿಂಟ್ ಇದ್ದರೆ ಆ ಸರ್ಕ್ಯೂಟ್ ಆಫ್ ಮಾಡಿಡಿ. ಬೋರ್ಡಿನಲ್ಲಿರುವ, ಕರೆಂಟ್ ಸೋರಿದರೆ ತಾನೇ ಬಿದ್ದು ಸರಬರಾಜು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಒತ್ತಿದ ಕ್ಷಣ ಬೀಳದಿದ್ದರೆ ಅದೂ ಬಿಲ್ಡರ್ ಪಟ್ಟಿಗೆ ಸೇರುವ ಇನ್ನೊಂದು ದೂರು, ಮತ್ತು ಅದು ಈ ವಾರವೇ ಆಗಬೇಕಾದದ್ದು.

ಕಲೆಗೆ ನೀರು ಬರುವ ದಾರಿ ಮೂರು: ಒತ್ತಡದಲ್ಲಿರುವ ಸರಬರಾಜು ಪೈಪು, ಬಳಸಿದ ನೀರು ಇಳಿಯುವ ಡ್ರೈನ್ ಪೈಪು, ಬಾತ್‌ರೂಮಿನ ನೆಲ. ಒಂದೊಂದಕ್ಕೂ ರಿಪೇರಿ ಬೇರೆ. ಯಾವುದೆಂದು ತಿಳಿಯದೆ ಗ್ರೌಟ್ ತುಂಬುವುದು ಕತ್ತಲಲ್ಲಿ ಕಲ್ಲೆಸೆದಂತೆ.

ರಾತ್ರಿ ಮಲಗುವ ಮುನ್ನ ಎಲ್ಲ ನಲ್ಲಿ ಮುಚ್ಚಿ, ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಆ್ಯಂಗಲ್ ಕಾಕನ್ನೂ ತಿರುಗಿಸಿ ಬಂದ್ ಮಾಡಿ. ಅದು ಸದ್ದಿಲ್ಲದೆ ಸೋರಿ ಲೆಕ್ಕ ತಪ್ಪಿಸುತ್ತದೆ. ತಾರಸಿಯ ಟ್ಯಾಂಕಿನಿಂದ ನೀರು ಬರುವ ಮನೆಯಾದರೆ ಟ್ಯಾಂಕಿಗೆ ನೀರು ತುಂಬುವುದನ್ನೂ ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸರಬರಾಜು ಪೈಪಿನ ಮೇಲೆ ಅನುಮಾನ. ಮೀಟರಿನಿಂದ ನೇರ ನೀರು ಬರುವ ಮನೆಯಲ್ಲಿ ಮೀಟರಿನ ಮುಳ್ಳು ನೋಡಿದರೆ ಸಾಕು. ಇದನ್ನು ಖಚಿತಪಡಿಸುವುದು ಪ್ರೆಶರ್ ಟೆಸ್ಟ್: ಬಾತ್‌ರೂಮಿನ ಬಿಸಿ, ತಣ್ಣೀರು ಲೈನ್‌ಗಳ ಬಾಯಿಗೆ ಪ್ಲಗ್ ಹಾಕಿ, ಕೈಪಂಪಿನಿಂದ ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಿ, ಗೇಜ್ ಒಂದೆರಡು ಗಂಟೆ ನಿಲ್ಲುತ್ತದೆಯೇ ನೋಡುವುದು. ಪ್ಲಾಸ್ಟಿಕ್ ಪೈಪು ಮೊದಲಿಗೆ ತುಸು ಹಿಗ್ಗುವುದರಿಂದ ಶುರುವಿನ ಸಣ್ಣ ಇಳಿತಕ್ಕೆ ಗಾಬರಿಯಾಗಬೇಡಿ, ಮತ್ತೊಮ್ಮೆ ಏರಿಸಿ ಆಮೇಲೆ ನೋಡಿ.

ಪೈಪು ಪಾಸಾದರೆ ಮುಂದಿನದು ಡ್ರೈನ್. ನೆಲ ಒಂದಿಷ್ಟೂ ಒದ್ದೆಯಾಗದಂತೆ ಪೈಪನ್ನು ನೆಲದ ನೀರು ಇಳಿಯುವ ನಹನಿ ಟ್ರ್ಯಾಪಿನೊಳಕ್ಕೇ ಇಳಿಸಿ, ಬಣ್ಣ ಕದಡಿದ ನೀರು ಹತ್ತಿಪ್ಪತ್ತು ಬಕೆಟ್ ಬಿಡಿ. ಒಂದೆರಡು ದಿನ ಕಾದು, ಕೆಳಗೆ ಬಣ್ಣ ಬಾರದಿದ್ದರೆ ಟ್ರ್ಯಾಪಿನ ಬಾಯಿ ಮುಚ್ಚಿ ನೆಲದ ಮೇಲೆ 25 ಮಿಲಿಮೀಟರ್ ಎತ್ತರಕ್ಕೆ ಬೇರೆ ಬಣ್ಣದ ನೀರು ನಿಲ್ಲಿಸಿ, 24ರಿಂದ 48 ಗಂಟೆ ಬಿಡಿ. ಕ್ರಮ ಅದಲುಬದಲಾಗಕೂಡದು: ಮೊದಲು ನೆಲ ತೋಯಿಸಿದರೆ ಆಮೇಲೆ ಬಂದ ನೀರು ಯಾವ ದಾರಿಯದೆಂದು ಯಾರೂ ಹೇಳಲಾರರು. ಕೆಳಗಿನ ಪ್ಲಾಸ್ಟರ್ ಉಬ್ಬಿದ್ದರೆ ಅಥವಾ ಹನಿ ಬೀಳುತ್ತಿದ್ದರೆ ನೀರು ನಿಲ್ಲಿಸುವ ಪರೀಕ್ಷೆ ಬೇಡ, ಉತ್ತರ ಆಗಲೇ ಸಿಕ್ಕಿದೆ.

‘ನಾಲ್ಕು ದಿನ ಬಾತ್‌ರೂಮ್ ಬಳಸಬೇಡಿ, ಒಣಗಿದರೆ ನೆಲದ ದೋಷ, ಒಣಗದಿದ್ದರೆ ಪೈಪಿನ ದೋಷ’ ಎಂಬ ಸುಲಭ ಸೂತ್ರ ಚಾಲ್ತಿಯಲ್ಲಿದೆ. ಸ್ಲ್ಯಾಬನ್ನು ತಗ್ಗಿಸಿ ಹಾಕಿ ಮೇಲೆ ಇಟ್ಟಿಗೆ ಚೂರು ತುಂಬಿದ ಬಾತ್‌ರೂಮುಗಳಲ್ಲಿ ಇದು ಕೈಕೊಡುತ್ತದೆ. ಆ ಚೂರುಗಳ ನಡುವೆ ಬಕೆಟ್‌ಗಟ್ಟಲೆ ನೀರು ತೊಟ್ಟಿಯಲ್ಲಿ ನಿಂತಂತೆ ನಿಂತಿರುತ್ತದೆ, ಮೇಲೆ ಒಂದು ಹನಿ ಬೀಳದಿದ್ದರೂ ವಾರಗಟ್ಟಲೆ ಜಿನುಗುತ್ತದೆ.

ಇಂಥ ಸೋರಿಕೆಯಲ್ಲಿ ಪದೇ ಪದೇ ಸಿಗುವ ಜಾಗಗಳು ಕೆಲವೇ. ನಹನಿ ಟ್ರ್ಯಾಪ್ ಮತ್ತು ಕಮೋಡಿನ ಪೈಪು ಸ್ಲ್ಯಾಬ್ ತೂರುವ ತೂತನ್ನು ಮಾಮೂಲಿ ಗಾರೆಯಿಂದ ಮುಚ್ಚಿರುವುದು. ಆ ಗಾರೆ ಕುಗ್ಗಿ ಪೈಪಿನ ಸುತ್ತ ಕೂದಲಗಲ ಸಂದು ಬಿಡುತ್ತದೆ. ವಾಟರ್‌ಪ್ರೂಫಿಂಗ್ ಪದರವನ್ನು ನೆಲಕ್ಕಷ್ಟೇ ಬಳಿದು ಗೋಡೆಗೆ ಏರಿಸದಿರುವುದು. ಪದರ ಹಾಕಿಯಾದ ಮೇಲೆ ಪ್ಲಂಬರ್ ಬಂದು ಪೈಪು ಸರಿಸಿ ಅದನ್ನು ಕೊಯ್ದಿರುವುದು. ಇದಕ್ಕೆ ಪದರ ಬಳಿದವರೂ ಪ್ಲಂಬರೂ ತಮ್ಮ ಕೆಲಸ ಸರಿಯಿದೆ ಎಂದೇ ಆಣೆ ಮಾಡುತ್ತಾರೆ.

ಎಪಾಕ್ಸಿ ಗ್ರೌಟ್ ಒಳ್ಳೆಯ ವಸ್ತುವೇ, ಆದರೆ ಟೈಲ್ಸ್ ಮತ್ತು ಗ್ರೌಟ್ ವಾಟರ್‌ಪ್ರೂಫಿಂಗ್ ಅಲ್ಲ. ನೀರು ತಡೆಯುವುದು ಅವುಗಳ ಕೆಳಗಿನ ಪದರ. ಗ್ರೌಟ್ ತುಂಬಿದರೆ ಮೇಲಿನಿಂದ ಇಳಿಯುವ ನೀರು ಕಡಿಮೆಯಾಗಿ ಕಲೆ ಕೆಲವು ತಿಂಗಳು ಮರೆಯಾಗಬಹುದು. ಒಳಗೆ ನಿಂತ ನೀರು ಅಲ್ಲೇ ಇರುತ್ತದೆ, ಟ್ರ್ಯಾಪಿನ ಸಂದೂ ಹಾಗೇ ಇರುತ್ತದೆ. ಆ ಹೊತ್ತಿಗೆ ನಿಮ್ಮ ಕರಾರಿನ ದೋಷ ಹೊಣೆಗಾರಿಕೆ ಅವಧಿ, ಅಂದರೆ ಬಿಲ್ಡರ್ ತಮ್ಮ ಖರ್ಚಿನಲ್ಲೇ ದೋಷ ಸರಿಪಡಿಸಬೇಕಾದ ಅವಧಿ, ಮುಗಿದಿದ್ದರೆ? ಬಿಲ್ಡರ್ ಉದ್ದೇಶಪೂರ್ವಕ ಹಾಗೆ ಮಾಡುತ್ತಾರೆ ಎನ್ನುತ್ತಿಲ್ಲ, ಫಲ ಮಾತ್ರ ಅದೇ. ಸ್ಲ್ಯಾಬಿನಲ್ಲಿ ಕಂಬಿಯ ಕೆಳಗಿನ ಕಾಂಕ್ರೀಟ್ ಹೊದಿಕೆ ಸಾಮಾನ್ಯವಾಗಿ 20 ಮಿಲಿಮೀಟರ್ ಮಾತ್ರ. ತುಕ್ಕು ಮೂಲ ಉಕ್ಕಿನ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟ್ ಹಪ್ಪಳದಂತೆ ಎದ್ದು ಉದುರುತ್ತದೆ.

ಕೆಳಗಿನಿಂದ ತೂತು ಕೊರೆದು ಪಿಯು ಇಂಜೆಕ್ಷನ್ (ಸಂದಿಗೆ ಒತ್ತಡದಲ್ಲಿ ತುಂಬುವ ಪಾಲಿಯುರೆಥೇನ್ ರಾಳ) ಕೊಡುತ್ತೇವೆ ಎಂದೂ ಯಾರಾದರೂ ಬರುತ್ತಾರೆ. ಹನಿ ನಿಲ್ಲುತ್ತದೆ, ನಿಜ. ಮೇಲೆ ನಿಂತ ನೀರು ಇನ್ನೊಂದು ಸಂದು ಹುಡುಕಿಕೊಳ್ಳುತ್ತದೆ. ತುರ್ತಿಗೆ ಸರಿ, ಪರಿಹಾರವಲ್ಲ.

ನೆಲದ ದೋಷ ಎಂದು ಸಾಬೀತಾದರೆ ಟೈಲ್ಸ್ ಕೀಳದೆ ಗತಿಯಿಲ್ಲ. ತುಂಬಿದ ಚೂರು ಹೊರಗೆ ಹಾಕಿ ಸ್ಲ್ಯಾಬ್ ಒಣಗಿಸಿ, ಪೈಪಿನ ಸುತ್ತ ಕುಗ್ಗದ ಗ್ರೌಟ್ ತುಂಬಬೇಕು. ನೆಲ-ಗೋಡೆ ಕೂಡುವ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿ, ಅಲ್ಲಿ ಬಲೆಯ ಪಟ್ಟಿ ಕೂರಿಸಿ, ಪದರವನ್ನು ಎರಡು ಕೋಟು, ಒಂದಕ್ಕೊಂದು ಅಡ್ಡಲಾಗಿ ಬಳಿಯಬೇಕು. ಸಿದ್ಧ ನೆಲದ ಮಟ್ಟದಿಂದ ಕನಿಷ್ಠ 150 ಮಿಲಿಮೀಟರ್, ಸ್ನಾನ ಮಾಡುವ ಬದಿಯಲ್ಲಿ ಆಳೆತ್ತರದವರೆಗೆ ಅದು ಗೋಡೆ ಹತ್ತಬೇಕು. ಡಬ್ಬದ ಮೇಲೆ ಬರೆದಷ್ಟು ದಿನ ಒಣಗಿದ ಮೇಲೆ 48 ಗಂಟೆ ನೀರು ನಿಲ್ಲಿಸಿ, ಪಾಸಾದರೆ ಮಾತ್ರ ಮುಂದಿನ ಕೆಲಸ. ನೆಲಕ್ಕೆ ಟ್ರ್ಯಾಪಿನತ್ತ ಮೀಟರಿಗೆ ಕನಿಷ್ಠ 10 ಮಿಲಿಮೀಟರ್ ಇಳಿಜಾರು, ಆಮೇಲೆ ಟೈಲ್ಸ್, ಕೊನೆಗೆ ಮತ್ತೊಮ್ಮೆ ನೀರು ನಿಲ್ಲಿಸುವ ಪರೀಕ್ಷೆ. ಪ್ರತಿ ಹಂತದ ಫೋಟೋ ತೆಗೆದಿಡಿ, ಟೈಲ್ಸ್ ಕೂತ ಮೇಲೆ ಯಾವುದೂ ಕಾಣಿಸದು.

ಹಾಲ್‌ನ ಟೈಲ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟಿಲ್ಲ. ನಾಣ್ಯದಿಂದ ತಟ್ಟುತ್ತ ಟೊಳ್ಳು ಭಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿ ಫೋಟೋ ತೆಗೆಯಿರಿ. ಒಣ ನೆಲದಲ್ಲಿ ಅಂಟು ಟೈಲ್ಸಿನ ಶೇ. 80ರಷ್ಟು ಭಾಗಕ್ಕಾದರೂ, ಒದ್ದೆ ಜಾಗದಲ್ಲಿ ಶೇ. 95ರಷ್ಟಕ್ಕೆ ಹಿಡಿದಿರಬೇಕೆಂಬುದು ಒಪ್ಪಿತ ಮಟ್ಟ. ಐದು ಕಡೆ ಉಂಡೆ ಇಟ್ಟು ಒತ್ತಿದ ಟೈಲ್ಸ್ ಇದನ್ನು ಮುಟ್ಟುವುದೇ ಇಲ್ಲ. ಒಂದು ಮೂಲೆ ಮಾತ್ರ ಟೊಳ್ಳಾಗಿ, ಕಾಲಿಟ್ಟರೆ ಅಲ್ಲಾಡದಿದ್ದರೆ ಬಿಟ್ಟುಬಿಡಿ. ಅರ್ಧಕ್ಕಿಂತ ಹೆಚ್ಚು ಟೊಳ್ಳಾದದ್ದನ್ನು ಬದಲಿಸಲಿ. ಗೋಡೆಯ ಬುಡದ ಪಟ್ಟಿಯ (ಸ್ಕರ್ಟಿಂಗ್) ಅಡಿಯಲ್ಲಿ ಗೋಡೆಗೂ ನೆಲದ ಟೈಲ್ಸಿಗೂ ನಡುವೆ ಐದಾರು ಮಿಲಿಮೀಟರ್ ಸಂದು ಬಿಟ್ಟಿದ್ದಾರೆಯೇ ಎಂಬುದನ್ನೂ ಆಗಲೇ ನೋಡಿ. ಇಲ್ಲದಿದ್ದರೆ ಬಿಸಿಲುಗಾಲದಲ್ಲಿ ಟೈಲ್ಸ್ ಹಿಗ್ಗಲು ಜಾಗವಿಲ್ಲದೆ ಸಾಲಾಗಿ ಎದ್ದು ನಿಲ್ಲಬಹುದು. ಉಳಿದ ಟೈಲ್ಸ್ ಪೆಟ್ಟಿಗೆ ಈಗಲೇ ಕೇಳಿ ಪಡೆಯಿರಿ. ಬ್ಯಾಚ್ ಬದಲಾದರೆ ಬಣ್ಣವೂ ಬದಲು.

ಈಗ ಯಾರಿಂದ ಮಾಡಿಸುವುದು ಎಂಬ ಪ್ರಶ್ನೆ. ಕರಾರಿನ ಅವಧಿ ಇನ್ನೂ ಉಳಿದಿದ್ದರೆ ಮೊದಲ ಅವಕಾಶ ಬಿಲ್ಡರಿಗೇ ಕೊಡಿ. ಹೊಣೆ ಒಬ್ಬರ ಹೆಗಲ ಮೇಲೇ ಉಳಿಯುತ್ತದೆ, ‘ಅವರು ಮುಟ್ಟಿ ಕೆಡಿಸಿದರು’ ಎಂಬ ಮಾತಿಗೆ ಜಾಗವಿರುವುದಿಲ್ಲ. ಅಪಾಯವೆಂದರೆ ತಪ್ಪು ಮಾಡಿದ ಕೈಗಳೇ ಮತ್ತೆ ಬಂದು ಅದೇ ತಪ್ಪು ಮಾಡುವುದು. ಅದಕ್ಕೇ ಕೆಲಸ ಶುರುವಾಗುವ ಮುನ್ನ ಬರಹದಲ್ಲಿ ಪಡೆಯಿರಿ: ಕಾರಣವೇನೆಂದು ಕಂಡರು, ಯಾವ ವಸ್ತು, ಎಷ್ಟು ಕೋಟು, ಎಷ್ಟು ದಿನ ಒಣಗಿಸುವುದು, ಯಾವ ಪರೀಕ್ಷೆ ಪಾಸಾದರೆ ಮುಗಿದಂತೆ, ರಿಪೇರಿಯಾದ ಭಾಗಕ್ಕೆ ಗ್ಯಾರಂಟಿ ಯಾವ ದಿನದಿಂದ.

ಬೇರೆಯವರನ್ನು ಕರೆಸುವುದಾದರೆ ಮೊದಲು ಬಿಲ್ಡರಿಗೆ ಲಿಖಿತ ಸೂಚನೆ, ಗಡುವು, ಜಂಟಿ ತಪಾಸಣೆಗೆ ದಿನ. ಅವರು ಬರಲೇ ಇಲ್ಲವೆಂದರೆ ಅದನ್ನೂ ಬರೆದಿಡಿ. ಅವರಿಗೆ ತೋರಿಸದೆ ಟೈಲ್ಸ್ ಒಡೆದರೆ ಸಾಕ್ಷ್ಯವನ್ನೇ ಒಡೆದಂತೆ. ತಪಾಸಣೆಗೆ ಕರೆಸುವ ಎಂಜಿನಿಯರ್ ರಿಪೇರಿ ಗುತ್ತಿಗೆ ಹಿಡಿಯುವವರಾಗಿರಬಾರದು, ಔಷಧ ಮಾರುವವರೇ ರೋಗ ಹೇಳಿದ ಹಾಗಾಗುತ್ತದೆ. ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ಉರುಳೆ ತುಂಡು) ತೆಗೆಸಿ ಕಾಂಕ್ರೀಟ್ ಪರೀಕ್ಷಿಸಿ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ. ನೀವು ಬರೆದ ಲಕ್ಷಣಗಳಲ್ಲಿ ಒಳ್ಳೆಯ ಸ್ಲ್ಯಾಬಿಗೆ ತೂತು ಕೊರೆಸುವಂಥದ್ದೇನೂ ಇಲ್ಲ. ಕಾಂಕ್ರೀಟ್ ಹಾಕಿದ ದಿನಗಳ ಕ್ಯೂಬ್ ಪರೀಕ್ಷೆಯ (ಅದೇ ಕಾಂಕ್ರೀಟನ್ನು ಘನಾಕಾರದ ಅಚ್ಚಿನಲ್ಲಿ ಹಾಕಿ ಬಲ ನೋಡುವುದು) ವರದಿ, ಪೈಪು ಹಾದ ದಾರಿಯ ನಕ್ಷೆ ಅಥವಾ ಫೋಟೋ ಕೇಳಿ ಪಡೆಯುವುದು ಹೆಚ್ಚು ಉಪಯೋಗ.

ಹಣ ತುಸು ಕಡಿಮೆ ಮಾಡಿಕೊಂಡು ಮುಗಿಸಿಬಿಡೋಣ ಎಂಬ ರಾಜಿ ಟೈಲ್ಸಿಗೆ, ಹಾಲ್‌ನ ಬಿರುಕಿಗೆ ಸರಿ. ನೀರಿಗೆ ಆ ರಾಜಿ ಬೇಡ, ಒಡೆದು ನೋಡುವವರೆಗೆ ಖರ್ಚೆಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ. ಬಾಕಿ ಹಣ ಪೂರ್ತಿ ತಡೆಹಿಡಿಯುವ ಮುನ್ನ ಕರಾರು ಓದಿ. ದೋಷಕ್ಕೆ ಮೀರಿದ ಮೊತ್ತ ಹಿಡಿದರೆ ಕರಾರು ಮುರಿದವರು ನೀವೇ ಎಂದಾಗಬಹುದು. ರಿಪೇರಿಯ ಅಂದಾಜಿಗೆ ತಕ್ಕಷ್ಟು ಹಿಡಿದು, ‘48 ಗಂಟೆಯ ಪರೀಕ್ಷೆ ಪಾಸಾಗಿ, ಒಂದು ತಿಂಗಳು ಕಲೆ ಬೆಳೆಯದಿದ್ದರೆ ಕೊಡುತ್ತೇವೆ’ ಎಂದು ಬರೆದು ಕಳುಹಿಸಿ. ‘ಪೂರ್ಣ ಮತ್ತು ಅಂತಿಮ’ ಎಂಬ ಪದವಿರುವ ಯಾವ ಕಾಗದಕ್ಕೂ ಅಲ್ಲಿಯವರೆಗೆ ಸಹಿ ಬೇಡ. ಮಾತು ಕಾನೂನಿನವರೆಗೆ ಹೋಗುವುದಾದರೂ ಸೋರಿಕೆ ನಿಲ್ಲಿಸುವುದನ್ನು ತೀರ್ಪಿನವರೆಗೆ ಮುಂದೂಡಬೇಡಿ. ನೋಟಿಸ್ ಕೊಟ್ಟು, ಎಂಜಿನಿಯರ್ ಎದುರು ಒಡೆಸಿ, ವರದಿ ಬರೆಸಿಕೊಂಡು ರಿಪೇರಿ ಮಾಡಿಸಿ.

ಕಿಟಕಿಯ ಬಿರುಕು ಗೋಡೆಯ ಹೊರಮೈಯಲ್ಲೂ ಇದೆಯೇ, ಮೇಲಿನ ಮೂಲೆಯದೋ ಕೆಳಗಿನದೋ ಎಂದು ನೀವು ಬರೆದಿಲ್ಲ. ಹಗಲು ಬೆಳಕಿನಲ್ಲಿ ಹೊರಗಿನಿಂದ ನೋಡಿ. ಅಲ್ಲೂ ಇದ್ದು, ಕೆಳಗಿನ ಮೂಲೆಯಿಂದ ಬುನಾದಿಯತ್ತ ಇಳಿದಿದ್ದರೆ ತಿಂಗಳ ಅಳತೆಗೆ ಕಾಯದೆ ಎಂಜಿನಿಯರನ್ನು ಈ ವಾರವೇ ಕರೆಸಿ. ಹೊರಗೆ ಏನೂ ಇಲ್ಲದಿದ್ದರೆ ಸ್ಕ್ರೂ ಬಿಗಿದು, ತಾರೀಕು ಬರೆದು, ಬಾತ್‌ರೂಮಿನ ಕೆಲಸ ಶುರುಮಾಡಿಸಿ.